ಹೃದಯ ನಿಂತಿರುವ ಹೊತ್ತಿನಲ್ಲಿ

ಪ್ರೀತಿಯ ಚಿನ್ನಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಕ್ಕಾ, ಆಪರೇಷನ್ ಮಾಡುವಾಗ ಹೃದಯ ನಿಲ್ಲಿಸ್ತಾರಂತೆ, ಆಗ ನಾನು ಬದುಕಿರ್ತೀನಾ?" ಅಂತ. ಬದುಕಿರುತ್ತೀಯ. ಆದರೆ ಇಂಥ ಪ್ರಶ್ನೆಗೆ ಒಂದು ಮಾತಿನ ಉತ್ತರ ಸಾಲದು. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು, ನೀನು ತಲೆಯಾಡಿಸಿದೆ, ಹೊರಗೆ ಬಂದ ಮೇಲೆ ಒಂದೂ ನೆನಪಿಲ್ಲ ಅಂದೆ. ಆ ಕೋಣೆಯಲ್ಲಿ ಕೂತವರಿಗೆಲ್ಲ ಹಾಗೇ ಆಗುತ್ತದೆ. ಕಾಗದವಾದರೆ ಬೇಕೆಂದಾಗ ತೆಗೆದು ಓದಬಹುದು. ನಿಮ್ಮನೆಯವರಿಗೂ ಓದಲು ಕೊಡು. ಧೈರ್ಯ ನಿನಗಿಂತ ಅವರಿಗೇ ಹೆಚ್ಚು ಬೇಕಾಗಿರುವಂತಿದೆ.

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಅಮ್ಮ "ಆಪರೇಷನ್ ಥಿಯೇಟರಲ್ಲಿ ಮಷೀನ್ ನೋಡ್ಕೋತಾಳೆ" ಅನ್ನುತ್ತಾಳೆ. ಸರಿಯಾಗಿಯೇ ಹೇಳುತ್ತಾಳೆ. ಸರ್ಜನ್ ಹೃದಯವನ್ನು ತೆರೆದಾಗ ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಮಾಡುವ ಹಾರ್ಟ್-ಲಂಗ್ ಮಷೀನಿನ ಮುಂದೆ ಕೂರುವವಳು ನಾನು. ನೀನು ಕೇಳಿದ ಹೊತ್ತು ಇದೆಯಲ್ಲ, ಹೃದಯ ನಿಂತಿರುವ ಹೊತ್ತು, ನನ್ನ ಇಡೀ ವೃತ್ತಿ ಅದರೊಳಗೇ ಇದೆ. ಅಲ್ಲಿ ಏನು ನಡೆಯುತ್ತದೆ, ಅದನ್ನು ಯಾರು ಯಾರು ಹೇಗೆ ಕಟ್ಟಿದರು ಅನ್ನುವುದನ್ನು ನಿನಗೆ ಹೇಳಬೇಕು.

ಮೊದಲು ನಿನ್ನ ಕಾಯಿಲೆಯ ವಿಷಯ. ನೀನು ಶಾಲೆಗೆ ಹೋಗುತ್ತಿದ್ದಾಗ ಒಂದು ಮಳೆಗಾಲ ಗಂಟಲು ನೋವು, ಜ್ವರ ಬಂದು ಹೋಯಿತು. ಎರಡು ಮೂರು ವಾರ ಕಳೆದ ಮೇಲೆ ಮಂಡಿ ಊದಿತು. ಅದು ಇಳಿಯುವಷ್ಟರಲ್ಲಿ ಮೊಣಕೈ, ಆಮೇಲೆ ಮಣಿಕಟ್ಟು. ಅಮ್ಮ ಎಣ್ಣೆ ಕಾಸಿ ಹಚ್ಚಿದಳು, ಕೀಲುಗಳು ವಾಸಿಯಾದವು, ಎಲ್ಲರೂ ಮರೆತೆವು. ಅದು ರುಮ್ಯಾಟಿಕ್ ಜ್ವರ. ಗಂಟಲಿಗೆ ಬಂದ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಹೋರಾಡಲು ಹೊರಟ ದೇಹದ ರಕ್ಷಣಾಪಡೆ ಗುರಿ ತಪ್ಪಿ ತನ್ನದೇ ಕೀಲುಗಳ ಮೇಲೆ, ಹೃದಯದ ಕವಾಟಗಳ ಮೇಲೆ ಬೀಳುತ್ತದೆ. ಕೀಲಿನ ಬಾವು ಇಳಿಯುತ್ತದೆ, ಕವಾಟದ ಗಾಯ ಮಾತ್ರ ಉಳಿದು ವರ್ಷಗಟ್ಟಲೆ ಒಳಗೇ ಗಟ್ಟಿಯಾಗುತ್ತದೆ. ಎಡಗಡೆಯ ಎರಡು ಕೋಣೆಗಳ ನಡುವೆ ಇರುವ ಮೈಟ್ರಲ್ ಕವಾಟ ಚೆನ್ನಾಗಿರುವವರಲ್ಲಿ 4ರಿಂದ 6 ಚದರ ಸೆಂಟಿಮೀಟರಿನಷ್ಟು ತೆರೆದುಕೊಳ್ಳುತ್ತದೆ. ನಿನ್ನ ಎಕೋ ವರದಿಯಲ್ಲಿ ಅದು ಒಂದಕ್ಕಿಂತ ಕಡಿಮೆ. ಆಷಾಢದ ಮಳೆಗೆ ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡ ಬಾಗಿಲು ಪೂರ್ತಿ ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲವಲ್ಲ, ಹಾಗಾಗಿದೆ ನಿನ್ನ ಕವಾಟ. ಮುಂದೆ ಹೋಗಲಾರದ ರಕ್ತ ಹಿಂದಕ್ಕೆ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಮಹಡಿ ಹತ್ತಿದರೆ ಏದುಸಿರು, ರಾತ್ರಿ ಎರಡು ದಿಂಬು ಇಲ್ಲದೆ ಮಲಗಲಾರದ ಸ್ಥಿತಿ, ಎಲ್ಲ ಅದರಿಂದಲೇ. ತೊಂದರೆ ಕೊಡುತ್ತಿರುವುದು ಶ್ವಾಸಕೋಶ, ಬೇರು ಇರುವುದು ಹೃದಯದಲ್ಲಿ.

ಮಗಳು ಹುಟ್ಟುವ ಮೊದಲು ನಿನಗೆ ಬಲೂನ್ ಚಿಕಿತ್ಸೆ ಆಗಿತ್ತು. ಅದು ಜಪಾನಿನ ಹೃದಯ ಸರ್ಜನ್ ಕಾಂಜಿ ಇನೊವೆ 1980ರ ದಶಕದಲ್ಲಿ ಕೊಟ್ಟ ದಾರಿ: ತೊಡೆಯ ರಕ್ತನಾಳದಿಂದ ಹೃದಯದವರೆಗೆ ಸಣ್ಣ ನಳಿಕೆ ಒಯ್ದು, ಅಂಟಿಕೊಂಡ ಕವಾಟದ ನಡುವೆ ಬಲೂನು ಉಬ್ಬಿಸಿ ಬಿಡಿಸುವುದು. ನಮ್ಮ ನಾಡಿನಲ್ಲಿ ಎದೆ ಸೀಳದೆ ಉಸಿರು ಮರಳಿ ಪಡೆದ ಬಡವರು ಎಷ್ಟು ಮಂದಿಯೋ. ಈ ಚಿಕಿತ್ಸೆಯನ್ನು ಅತಿ ಹೆಚ್ಚು ಮಾಡಿದ ಆಸ್ಪತ್ರೆಗಳ ಸಾಲಿನಲ್ಲಿ ಬೆಂಗಳೂರಿನ ಜಯದೇವ ಇದೆ. ಆ ಬಲೂನು ನಿನಗೆ ಒಳ್ಳೆಯ ವರ್ಷಗಳನ್ನು ಕೊಟ್ಟಿತು, ಮಗಳನ್ನು ಕೊಟ್ಟಿತು. ಈಗ ಕವಾಟದಲ್ಲಿ ಸುಣ್ಣ ಕಟ್ಟಿದೆ, ಸೋರಿಕೆಯೂ ಇದೆ. ಇನ್ನೊಮ್ಮೆ ಉಬ್ಬಿಸಿದರೆ ಹರಿಯುತ್ತದೆ.

ನಿಮ್ಮ ಬೀದಿಯ ಮೇಷ್ಟ್ರಿಗೆ ತೊಡೆಯಿಂದಲೇ ಹೊಸ ಕವಾಟ ಹಾಕಿದರು, ನನಗೆ ಯಾಕಾಗದು ಅಂತಲೂ ಕೇಳಿದ್ದೆ. ಅವರದು ಅಯೋರ್ಟಿಕ್ ಕವಾಟ. ಫ್ರಾನ್ಸಿನ ರುವಾನ್ ಊರಿನಲ್ಲಿ ಅಲೇನ್ ಕ್ರಿಬಿಯೆ 2002ರಲ್ಲಿ ಮೊದಲ ಬಾರಿ ಮಾಡಿ ತೋರಿಸಿದ ವಿಧಾನ ಅದು. ವಯಸ್ಸಾದವರಲ್ಲಿ ಆ ಕವಾಟದ ಸುತ್ತ ಕಟ್ಟಿದ ಸುಣ್ಣದ ಉಂಗುರವೇ ಹೊಸ ಕವಾಟವನ್ನು ಹಿಡಿದು ನಿಲ್ಲಿಸುತ್ತದೆ. ಮೈಟ್ರಲ್ ಕವಾಟ ದೊಡ್ಡದು, ದುಂಡಗಿಲ್ಲ, ಒಳಗಿನಿಂದ ತಂತುಗಳು ಎಳೆದು ಹಿಡಿದಿರುತ್ತವೆ. ನಿನ್ನ ವಯಸ್ಸಿಗೆ, ನಿನ್ನ ಕವಾಟದ ಸ್ಥಿತಿಗೆ, ತೆರೆದು ನೋಡಿ ಮಾಡುವ ಆಪರೇಷನ್ನೇ ಸರಿ.

ಇನ್ನು ಆ ದಿನದ ವಿಷಯಕ್ಕೆ ಬರುತ್ತೇನೆ.

ಅನಸ್ತೇಷಿಯಾ ಕೊಟ್ಟು ನಿನ್ನನ್ನು ನಿದ್ದೆಗೆ ಕಳಿಸಿದ ಮೇಲೆ ಎದೆಮೂಳೆಯನ್ನು ನಡುವೆ ಬಿಡಿಸುತ್ತಾರೆ. ರಕ್ತವನ್ನು ದೇಹದ ಹೊರಗೆ ಪ್ಲಾಸ್ಟಿಕ್ ಕೊಳವೆಗಳಲ್ಲಿ ಹರಿಸಬೇಕು ಅಂದರೆ ಅದು ಹೆಪ್ಪುಗಟ್ಟಬಾರದು. ಅದಕ್ಕೆ ಹೆಪಾರಿನ್ ಕೊಡುತ್ತಾರೆ. 1916ರಲ್ಲಿ ಬಾಲ್ಟಿಮೋರಿನಲ್ಲಿ ಜೇ ಮೆಕ್‌ಲೀನ್ ಎಂಬ ವೈದ್ಯ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ಪದಾರ್ಥ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಅದರ ವಿರುದ್ಧದ ಗುಣ. ಅಲ್ಲಿಂದ ಬಂದ ಔಷಧಿ ಇದು. ಹೆಪಾರಿನ್ ಕೊಟ್ಟ ಮೇಲೆ ಒಂದಿಷ್ಟು ರಕ್ತ ತೆಗೆದು, ಹೆಪ್ಪಾಗಲು ಎಷ್ಟು ಸೆಕೆಂಡು ಹಿಡಿಯುತ್ತದೆ ಅಂತ ಅಳೆಯುತ್ತೇವೆ. ಸಾಮಾನ್ಯವಾಗಿ 480 ಸೆಕೆಂಡು ದಾಟಿದ ಮೇಲೆಯೇ ನಾವು ಯಂತ್ರವನ್ನು ಶುರು ಮಾಡುವುದು. ಮೇಲಿನ ಮತ್ತು ಕೆಳಗಿನ ಮಹಾಸಿರೆಗಳಿಗೆ ಎರಡು ನಳಿಕೆ, ಮಹಾಧಮನಿಗೆ ಒಂದು ನಳಿಕೆ. ಸರ್ಜನ್ "ಆನ್ ಬೈಪಾಸ್" ಅನ್ನುತ್ತಾರೆ. ನಿನ್ನ ಕಪ್ಪುರಕ್ತ ಯಂತ್ರಕ್ಕೆ ಇಳಿದು, ಆಮ್ಲಜನಕ ಪಡೆದು, ಕೆಂಪಾಗಿ ವಾಪಸು ಹೋಗುತ್ತದೆ. "ಫುಲ್ ಫ್ಲೋ" ಅಂತ ನಾವು ಉತ್ತರ ಕೊಟ್ಟ ಮೇಲೆ ವೆಂಟಿಲೇಟರ್ ನಿಲ್ಲಿಸುತ್ತಾರೆ. ಶ್ವಾಸಕೋಶ ಮಡಚಿ ವಿಶ್ರಾಂತಿಗೆ ಹೋಗುತ್ತದೆ.

ಇಂಥ ಯಂತ್ರದ ಕನಸು ಕಂಡು ಅದನ್ನು ನಿಜ ಮಾಡಿದವರು ಜಾನ್ ಗಿಬ್ಬನ್. 1930ರ ದಶಕ ಶುರುವಾಗುವ ಹೊತ್ತಿಗೆ ಬಾಸ್ಟನ್ನಿನಲ್ಲಿ ಅವರಿನ್ನೂ ತರಬೇತಿಯ ಯುವ ವೈದ್ಯ. ಪಿತ್ತಕೋಶದ ಆಪರೇಷನ್ ಆದ ಒಬ್ಬ ಹೆಂಗಸಿಗೆ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡಿತ್ತು. ರಾತ್ರಿಯಿಡೀ ಕಾಲು ಗಂಟೆಗೊಮ್ಮೆ ಅವಳ ನಾಡಿ, ರಕ್ತದೊತ್ತಡ ನೋಡುತ್ತ ಕೂರುವುದು ಗಿಬ್ಬನ್‌ಗೆ ವಹಿಸಿದ ಕೆಲಸ. ಅವಳ ರಕ್ತವನ್ನು ಹೊರತೆಗೆದು, ಆಮ್ಲಜನಕ ಸೇರಿಸಿ, ಹಿಂದಕ್ಕೆ ಕೊಡುವ ಉಪಾಯವೊಂದಿದ್ದರೆ ಬದುಕಿಸಬಹುದಿತ್ತಲ್ಲ ಎಂಬ ಯೋಚನೆ ಹುಟ್ಟಿದ್ದು ಆ ರಾತ್ರಿ. ಹೆಂಗಸು ಉಳಿಯಲಿಲ್ಲ. ಯೋಚನೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಬಿಡಲಿಲ್ಲ. ಪ್ರಯೋಗಾಲಯದಲ್ಲಿ ಅವರ ಜೊತೆ ದುಡಿದವರು ಹೆಂಡತಿ ಮೇರಿ. ಬೀದಿಯ ಬೆಕ್ಕುಗಳ ಮೇಲೆ ಇಬ್ಬರೂ ಹಗಲಿರುಳು ಪ್ರಯೋಗ ಮಾಡಿದರು. ನಡುವೆ ಎರಡನೇ ಮಹಾಯುದ್ಧ ಬಂತು, ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಐಬಿಎಂ ಕಂಪನಿಯ ಎಂಜಿನಿಯರುಗಳು ಕೈಜೋಡಿಸಿದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ, 18 ವರ್ಷದ ಸಿಸಿಲಿಯಾ ಬವೊಲೆಕ್ ಎಂಬ ಹುಡುಗಿಯ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು 26 ನಿಮಿಷ ಯಂತ್ರವೇ ನಡೆಸಿತು. ಹೃದಯದ ಗೋಡೆಯಲ್ಲಿದ್ದ ರಂಧ್ರ ಮುಚ್ಚಿದರು. ಹುಡುಗಿ ಮನೆಗೆ ಹೋಗಿ ದಶಕಗಳ ಕಾಲ ಬದುಕಿದಳು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ನಿನಗೆ ಪೂರ್ತಿ ತಿಳಿಯಬೇಕು. ಮುಂದೆ ಗಿಬ್ಬನ್ ಆಪರೇಷನ್ ಮಾಡಿದ ಇಬ್ಬರು ಪುಟ್ಟ ಮಕ್ಕಳು ಉಳಿಯಲಿಲ್ಲ. ಆ ನೋವಿಗೆ ಅವರು ಯಂತ್ರವನ್ನು ಬಳಸುವುದನ್ನೇ ನಿಲ್ಲಿಸಿದರು.

ಮರುವರ್ಷ ಮಿನ್ನೆಸೋಟದಲ್ಲಿ ವಾಲ್ಟನ್ ಲಿಲ್ಲಿಹೈ ಬೇರೆ ದಾರಿ ಹಿಡಿದರು. ಯಂತ್ರ ಕೈಕೊಡುತ್ತಿದೆ, ಹಾಗಾದರೆ ಮನುಷ್ಯನನ್ನೇ ಯಂತ್ರದ ಜಾಗಕ್ಕೆ ತಂದರೆ? ಮಗುವಿನ ಪಕ್ಕದ ಟೇಬಲ್ಲಿನ ಮೇಲೆ ತಂದೆ ಅಥವಾ ತಾಯಿ ಮಲಗಬೇಕು. ಮಗುವಿನ ಕಪ್ಪುರಕ್ತ ಅವರ ದೇಹಕ್ಕೆ ಹರಿಯಬೇಕು, ಅವರ ಶ್ವಾಸಕೋಶದಲ್ಲಿ ಕೆಂಪಾದ ರಕ್ತ ಮಗುವಿಗೆ ಬರಬೇಕು. 1954ರ ಮಾರ್ಚ್ 26ರಂದು ಮೊದಲ ಬಾರಿ ಹಾಗೆ ಮಲಗಿದ್ದು ಒಂದು ವರ್ಷದ ಗಂಡುಮಗುವಿನ ತಂದೆ. ಆಪರೇಷನ್ ಕೈಗೂಡಿತು, ಮಗು ಹನ್ನೊಂದನೇ ದಿನ ನ್ಯುಮೋನಿಯಾದಿಂದ ತೀರಿಕೊಂಡಿತು. ಮುಂದೆ ಒಟ್ಟು 45 ಮಂದಿಗೆ ಈ ವಿಧಾನದಲ್ಲಿ ಆಪರೇಷನ್ ನಡೆದು, 28 ಮಂದಿ ಗುಣವಾಗಿ ಮನೆಗೆ ಹೋದರು. ಆಪರೇಷನ್ ಇಲ್ಲದೆ ಬದುಕುವ ಭರವಸೆಯೇ ಇಲ್ಲದಿದ್ದವರು ಅವರು. ಅದರ ನಡುವೆ ಒಬ್ಬ ತಾಯಿಗೆ ಕೊಳವೆಯೊಳಗೆ ಹೊಕ್ಕ ಗಾಳಿಯಿಂದ ಮಿದುಳಿಗೆ ಪೆಟ್ಟಾಯಿತು. ಮಗುವಿಗಾಗಿ ಆ ಟೇಬಲ್ ಹತ್ತಿದ ತಾಯಂದಿರನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಮ್ಮ ಯಂತ್ರದ ಕೊಳವೆಗೆ ಈಗ ಗಾಳಿಗುಳ್ಳೆ ಪತ್ತೆಹಚ್ಚುವ ಸಾಧನ ಕೂರಿಸಿರುತ್ತೇವೆ. ಗುಳ್ಳೆ ಕಂಡರೆ ಪಂಪ್ ತಾನಾಗಿ ನಿಲ್ಲುತ್ತದೆ. ಪ್ರತಿಸಲ ಅದನ್ನು ಪರೀಕ್ಷಿಸುವಾಗ ಆ ತಾಯಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

1955ರಲ್ಲಿ ಲಿಲ್ಲಿಹೈ ತಂಡದ ರಿಚರ್ಡ್ ಡಿವಾಲ್ ರಕ್ತದೊಳಗೆ ಆಮ್ಲಜನಕದ ಗುಳ್ಳೆ ಹಾಯಿಸಿ, ನೊರೆಯನ್ನು ಸಿಲಿಕೋನ್‌ನಿಂದ ಕಳೆದು, ರಕ್ತವನ್ನು ಸುರುಳಿ ಕೊಳವೆಯಲ್ಲಿ ನಿಧಾನವಾಗಿ ಇಳಿಸುವ ಅಗ್ಗದ ಸಾಧನ ಮಾಡಿದರು. ಅದೇ ವರ್ಷ ಮೇಯೊ ಕ್ಲಿನಿಕ್ಕಿನಲ್ಲಿ ಜಾನ್ ಕರ್ಕ್ಲಿನ್, ಗಿಬ್ಬನ್ ಕೈಬಿಟ್ಟ ಯಂತ್ರವನ್ನೇ ತಿದ್ದಿ ಬಳಕೆಗೆ ತಂದರು. ಇನ್ನು ತಂದೆ ತಾಯಿ ಟೇಬಲ್ ಹತ್ತಬೇಕಾಗಲಿಲ್ಲ. ಇವತ್ತು ನಾವು ಬಳಸುವ ಆಕ್ಸಿಜನೇಟರಿನಲ್ಲಿ ಕೂದಲಿನಷ್ಟು ಸಣ್ಣ ಟೊಳ್ಳು ಎಳೆಗಳ ಕಟ್ಟು ಇರುತ್ತದೆ. ಒಳಗೆ ಗಾಳಿ, ಹೊರಗೆ ರಕ್ತ. ಎರಡೂ ನೇರವಾಗಿ ಬೆರೆಯುವುದಿಲ್ಲ, ರಕ್ತಕಣಗಳು ಒಡೆಯುವುದು ಕಡಿಮೆ.

ಇನ್ನು ಹೃದಯ ನಿಲ್ಲಿಸುವ ಘಳಿಗೆ. ಮಹಾಧಮನಿಗೆ ಕ್ಲ್ಯಾಂಪ್ ಹಾಕಿ, ಪೊಟ್ಯಾಸಿಯಂ ಇರುವ ತಣ್ಣನೆಯ ದ್ರವವನ್ನು ಹೃದಯದ ರಕ್ತನಾಳಗಳಿಗೆ ಬಿಡುತ್ತೇವೆ. ಅದಕ್ಕೆ ಕಾರ್ಡಿಯೋಪ್ಲೀಜಿಯಾ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಮಾನಿಟರಿನಲ್ಲಿ ಗೆರೆ ನೇರವಾಗುತ್ತದೆ. ನಿನಗೆ ಭಯ ಹುಟ್ಟಿಸುವುದು ಈ ಗೆರೆಯೇ. ಹೃದಯ ಸತ್ತಿಲ್ಲ ಚಿನ್ನಿ, ಬಡಿಯುವುದನ್ನು ಬಿಟ್ಟು ತಂಪಾಗಿ ಮಲಗಿದೆ, ಅಷ್ಟೇ. ಬಡಿಯದ ಸ್ನಾಯುವಿಗೆ ಆಮ್ಲಜನಕ ಬೇಕಾಗುವುದು ಬಹಳ ಕಡಿಮೆ. ಇದನ್ನು ಕಲಿಯಲೂ ಕಾಲ ಹಿಡಿಯಿತು. 1955ರಲ್ಲಿ ಲಂಡನ್ನಿನ ಡೆನಿಸ್ ಮೆಲ್ರೋಸ್ ಪೊಟ್ಯಾಸಿಯಂ ಸಿಟ್ರೇಟಿನಿಂದ ಹೃದಯ ನಿಲ್ಲಿಸಬಹುದು ಅಂತ ತೋರಿಸಿದರು. ಆದರೆ ಪ್ರಮಾಣ ಅತಿಯಾಗಿ ಸ್ನಾಯುವಿಗೇ ಪೆಟ್ಟು ಬೀಳುವುದು ಕಂಡು ಸರ್ಜನ್ನರು ಅದನ್ನು ಬಿಟ್ಟರು. ಸುಮಾರು ಇಪ್ಪತ್ತು ವರ್ಷದ ಮೇಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡೇವಿಡ್ ಹರ್ಸ್ ಎಂಬ ಜೀವರಸಾಯನ ವಿಜ್ಞಾನಿ ಮತ್ತು ಮಾರ್ಕ್ ಬ್ರೇಂಬ್ರಿಜ್ ಎಂಬ ಸರ್ಜನ್ ಪ್ರಮಾಣ ಇಳಿಸಿ, ಉಪ್ಪುಗಳ ಹದ ಹುಡುಕಿ, ಮತ್ತೆ ಬಳಕೆಗೆ ತಂದರು. ಕೈಬಿಟ್ಟ ವಿಚಾರವನ್ನು ಯಾರೋ ಮತ್ತೆ ಕೈಗೆತ್ತಿಕೊಂಡು, ಎಲ್ಲಿ ತಪ್ಪಿತು ಅಂತ ತಾಳ್ಮೆಯಿಂದ ನೋಡಿದ್ದರಿಂದ ನಿನ್ನ ಹೃದಯ ಸುರಕ್ಷಿತವಾಗಿ ಮಲಗಿ ಏಳುತ್ತದೆ.

ಆಗ ಸರ್ಜನ್ ಎಡಗೋಣೆ ತೆರೆದು ಹಳೆಯ ಕವಾಟ ತೆಗೆದು ಹೊಸದನ್ನು ಹೊಲಿಯುತ್ತಾರೆ. ಪ್ರಾಣಿಯ ಅಂಗಾಂಶದ ಕವಾಟವಾದರೆ ರಕ್ತ ತೆಳುವಾಗಿಸುವ ಮಾತ್ರೆ ಜೀವಮಾನವಿಡೀ ಬೇಕಾಗದಿರಬಹುದು, ಆದರೆ ಚಿಕ್ಕ ವಯಸ್ಸಿನವರಲ್ಲಿ ಅದು ಬೇಗ ಸವೆಯುತ್ತದೆ, ಮತ್ತೆ ಎದೆ ತೆರೆಯಬೇಕಾಗುತ್ತದೆ. ಲೋಹದ ಕವಾಟಕ್ಕೆ ಆ ಮಾತ್ರೆ ಜೀವಮಾನವಿಡೀ ಬೇಕು. ಅದರಿಂದ ಗರ್ಭದಲ್ಲಿರುವ ಮಗುವಿಗೆ ತೊಂದರೆ ಆಗಬಹುದು ಅನ್ನುವುದಕ್ಕೇ ಡಾಕ್ಟರು ಇನ್ನೊಂದು ಮಗುವಿನ ಯೋಚನೆ ಇದೆಯಾ ಅಂತ ನಿಮ್ಮಿಬ್ಬರನ್ನೂ ಕೇಳಿದ್ದು. ಬೇಡ ಅಂದಿರಿ. ಹಾಗಾಗಿ ಲೋಹದ ಕವಾಟ.

ಕೃತಕ ಮೈಟ್ರಲ್ ಕವಾಟದ ಮೊದಲ ದೊಡ್ಡ ಗೆಲುವು 1960ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನದು. ಲೋವೆಲ್ ಎಡ್ವರ್ಡ್ಸ್ ಎಂಬ ನಿವೃತ್ತ ಎಂಜಿನಿಯರ್ ಕೃತಕ ಹೃದಯವನ್ನೇ ಮಾಡೋಣ ಅಂತ ಆಲ್ಬರ್ಟ್ ಸ್ಟಾರ್ ಎಂಬ ಯುವ ಸರ್ಜನ್ನರ ಹತ್ತಿರ ಬಂದರು. ಮೊದಲು ಒಂದು ಕವಾಟ ಮಾಡೋಣ ಅಂದರು ಸ್ಟಾರ್. ಪಂಜರದೊಳಗೆ ಚೆಂಡು ಏರಿ ಇಳಿಯುವ ಆ ಕವಾಟದಿಂದ ಸಾವಿರಾರು ಜನ ಬದುಕಿದರು. ನಮ್ಮ ದೇಶಕ್ಕೆ ಬರುವ ಹೊತ್ತಿಗೆ ಇಂಥ ಕವಾಟಗಳು ಬಡವರ ಕೈಗೆಟುಕದ ಬೆಲೆಯವಾಗಿದ್ದವು. ರುಮ್ಯಾಟಿಕ್ ಕಾಯಿಲೆಯೋ ಬಡವರನ್ನೇ ಹುಡುಕಿ ಬರುವಂಥದ್ದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ನಮ್ಮಲ್ಲೇ ಕವಾಟ ಮಾಡಲು ಹೊರಟರು. ಒಂದಾದ ಮೇಲೊಂದು ಮೂರು ಮಾದರಿಗಳು ಸೋತವು. ನಾಲ್ಕನೆಯದರಲ್ಲಿ ಲೋಹದ ಚೌಕಟ್ಟಿನೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಓರೆಯಾಗಿ ತೆರೆದು ಮುಚ್ಚುವಂತೆ ಮಾಡಿದರು. ಕುರಿಗಳಲ್ಲಿ ಪರೀಕ್ಷೆ ಮುಗಿದು, 1990ರ ಡಿಸೆಂಬರ್ 6ರಂದು ಮೊದಲ ಬಾರಿ ಮನುಷ್ಯನ ಹೃದಯಕ್ಕೆ ಹೊಲಿದರು. ಅಲ್ಲಿಂದೀಚೆಗೆ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಾ ಕವಾಟಗಳು ಬಳಕೆಯಾಗಿವೆ. ಆ ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಗಳಾದರು, 2024ರಲ್ಲಿ ತೀರಿಕೊಂಡರು. ನಿನಗೆ ಯಾವ ಕವಾಟ, ಯಾವ ಅಳತೆ ಅನ್ನುವುದು ಸರ್ಜನ್ನರ ತೀರ್ಮಾನ. ಯಾವುದೇ ಆದರೂ ಟಿಕ್ ಟಿಕ್ ಅಂತ ಸದ್ದು ಕೇಳುತ್ತದೆ. ಮೊದಮೊದಲು ನಿದ್ದೆ ಕೆಡಿಸಬಹುದು, ಆಮೇಲೆ ಒಗ್ಗಿಹೋಗುತ್ತದೆ. ಮಗಳಿಗೆ ಮೊದಲೇ ಹೇಳಿಡು, ಅಮ್ಮನ ಎದೆಗೆ ಕಿವಿಯಿಟ್ಟಾಗ ಹೆದರದಿರಲಿ.

ಇಷ್ಟೆಲ್ಲ ನಡೆಯುವ ಒಂದು ಒಂದೂವರೆ ಗಂಟೆ ಯಂತ್ರದ ಮುಂದೆ ಕೂತವರು ಏನು ಮಾಡುತ್ತಾರೆ? ನಿನ್ನ ಎತ್ತರ 152 ಸೆಂಟಿಮೀಟರ್, ತೂಕ 46 ಕಿಲೋ. ಆ ಲೆಕ್ಕಕ್ಕೆ ನಿಮಿಷಕ್ಕೆ ಸುಮಾರು 3.3 ಲೀಟರ್ ರಕ್ತ ಹರಿಸಬೇಕು. ಹಿಂದೆಲ್ಲ ಹರಿವು, ಒತ್ತಡ ಸರಿಯಿದ್ದರೆ ಸಾಕು ಅನ್ನುತ್ತಿದ್ದೆವು. ಈಗ ಆ ರಕ್ತ ದೇಹಕ್ಕೆ ಎಷ್ಟು ಆಮ್ಲಜನಕ ಒಯ್ಯುತ್ತಿದೆ ಅಂತ ಗಳಿಗೆಗಳಿಗೆಗೂ ಲೆಕ್ಕ ಹಾಕುತ್ತೇವೆ. ಇಟಲಿಯ ಮಾರ್ಕೊ ರನುಚಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹದ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 280 ಮಿಲಿಲೀಟರಿಗಿಂತ ಕೆಳಗೆ ಆಮ್ಲಜನಕ ಇಳಿಯದಂತೆ ನೋಡಿಕೊಂಡಾಗ ಮೂತ್ರಪಿಂಡಕ್ಕೆ ಆಗುವ ಪೆಟ್ಟು ಕಡಿಮೆಯಾಯಿತು. ಹೊರಗಿನವರಿಗೆ ಇದು ಸುದ್ದಿಯೇ ಅಲ್ಲ. ನಾನು ಕೂರುವ ರೀತಿಯನ್ನೇ ಬದಲಿಸಿದ ಸಂಖ್ಯೆ ಅದು. ನಮ್ಮ ಕಸುಬಿನಲ್ಲಿ ಸಂಶೋಧನೆ ಅಂದರೆ ಹೆಚ್ಚಾಗಿ ಇಂಥದ್ದು: ನಿನ್ನೆಯವರೆಗೆ ಗಮನಿಸದೆ ಬಿಟ್ಟಿದ್ದ ಒಂದನ್ನು ಇವತ್ತಿನಿಂದ ಗಮನಿಸುವುದು. ಕರೆಂಟು ಹೋದರೆ ಏನು ಅಂತ ನಿಮ್ಮನೆಯವರು ಕೇಳಿದ್ದರು. ಯಂತ್ರಕ್ಕೆ ಬ್ಯಾಟರಿ ಇದೆ. ಅದೂ ಹೋದರೆ ಪಂಪನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ ಪಕ್ಕದಲ್ಲೇ ಇರುತ್ತದೆ. ಅದನ್ನು ತಿರುಗಿಸುವುದನ್ನು ಎಲ್ಲರೂ ಅಭ್ಯಾಸ ಮಾಡಿರುತ್ತೇವೆ.

ಒಂದು ಮಾತು ನಿನಗೆ ಹೇಳಲೇಬೇಕು. ಆ ದಿನ ನಿನ್ನ ಯಂತ್ರದ ಮುಂದೆ ನಾನು ಕೂರುವುದಿಲ್ಲ. "ನೀನೇ ಕೂರಬೇಕು" ಅಂತ ನೀನು ಬೇಡಿಕೊಂಡೆ, ಅಮ್ಮ ಅತ್ತಳು. ಆದರೆ ಅಲ್ಲಿ ಕೂರುವವರ ಕಣ್ಣು ಒತ್ತಡ, ತಾಪಮಾನ, ಯಂತ್ರದ ಪಾತ್ರೆಯಲ್ಲಿ ರಕ್ತದ ಮಟ್ಟ, ಇವುಗಳ ಮೇಲೆ ಮಾತ್ರ ಇರಬೇಕು. ನನ್ನ ಕಣ್ಣು ನಿನ್ನ ಮುಖದ ಕಡೆಗೇ ಹೋಗುತ್ತದೆ. ನನ್ನ ಜಾಗದಲ್ಲಿ ಕೂರುವ ಹುಡುಗಿ ನನ್ನ ಕೈಕೆಳಗೇ ಕಲಿತವಳು, ಈಗ ನನ್ನಷ್ಟೇ ಗಟ್ಟಿ. ನಾನು ಹೊರಗೆ ಅಮ್ಮನ ಕೈ ಹಿಡಿದುಕೊಂಡು ಕೂತಿರುತ್ತೇನೆ. ನಿನ್ನನ್ನು ಅವಳ ಕೈಗೆ ಒಪ್ಪಿಸಲು ನನಗೆ ಧೈರ್ಯ ಇದೆ ಅನ್ನುವುದಕ್ಕಿಂತ ದೊಡ್ಡ ಭರವಸೆಯನ್ನು ನಾನು ಕೊಡಲಾರೆ.

ಕವಾಟ ಹೊಲಿದಾದ ಮೇಲೆ ಒಳಗಿನ ಗಾಳಿಯನ್ನೆಲ್ಲ ತೆಗೆದು, ಮೈ ಬೆಚ್ಚಗಾಗಿಸಿ, ಕ್ಲ್ಯಾಂಪ್ ಬಿಚ್ಚುತ್ತಾರೆ. ಬೆಚ್ಚನೆಯ ರಕ್ತ ಒಳಗೆ ಬರುತ್ತಿದ್ದಂತೆ ಹೃದಯ ಹೆಚ್ಚಿನ ಸಲ ತಾನಾಗಿ ಏಳುತ್ತದೆ. ಕೆಲವು ಸಲ ಅದುರುತ್ತ ನಿಲ್ಲುತ್ತದೆ, ಸಣ್ಣ ಶಾಕ್ ಕೊಟ್ಟರೆ ತಾಳಕ್ಕೆ ಬರುತ್ತದೆ. ನಾವು ಹರಿವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಕೆಲಸವನ್ನು ಅದಕ್ಕೇ ವಾಪಸು ಒಪ್ಪಿಸುತ್ತೇವೆ. ಆಮೇಲೆ ಹೆಪಾರಿನ್ನನ್ನು ಕಳೆಯಲು ಪ್ರೋಟಮಿನ್ ಕೊಡುತ್ತಾರೆ. ಅದು ಮೀನಿನಿಂದ ತಯಾರಾದದ್ದು. ನಿನಗೆ ಯಾವಾಗಲಾದರೂ ಮೀನು ತಿಂದು ಮೈಯೆಲ್ಲ ದದ್ದು ಎದ್ದಿದ್ದರೆ ಅನಸ್ತೇಷಿಯಾ ಡಾಕ್ಟರಿಗೆ ಮರೆಯದೆ ಹೇಳು.

ಹೃದಯ ಏಳದಿದ್ದರೆ? ನೀನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಕೇಳಬೇಕೆಂದಿದ್ದೆ ಅಂತ ನನಗೆ ಗೊತ್ತು. ಅಪಾಯವೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ದಣಿದ ಹೃದಯಕ್ಕೆ ಕೆಲವು ದಿನ ಆಸರೆ ಕೊಡುವ ಎಕ್ಮೋ ಈಗ ಇದೆ. ಅದೂ ಇದೇ ಯಂತ್ರದ ಮನೆತನದ್ದು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಉಸಿರಾಡಲಾರದೆ ಹುಟ್ಟಿ, ತಾಯಿಯೂ ಬಿಟ್ಟುಹೋದ ಒಂದು ಹಸುಗೂಸನ್ನು ರಾಬರ್ಟ್ ಬಾರ್ಟ್‌ಲೆಟ್ ಎಕ್ಮೋ ಆಸರೆಯಲ್ಲಿಟ್ಟು ಉಳಿಸಿದರು. ನರ್ಸುಗಳು ಆ ಕೂಸಿಗೆ ಎಸ್ಪೆರಾನ್ಸಾ ಅಂತ ಹೆಸರಿಟ್ಟರು, ಸ್ಪ್ಯಾನಿಷ್‌ನಲ್ಲಿ ಭರವಸೆ ಎಂದರ್ಥ. ಕೋವಿಡ್ ಕಾಲದಲ್ಲಿ ಶ್ವಾಸಕೋಶ ಕೈಬಿಟ್ಟ ಎಷ್ಟೋ ಜನರನ್ನು ಉಳಿಸಿದ್ದೂ ಅದೇ.

ಆಪರೇಷನ್ ಆದ ಮೇಲಿನ ಎಚ್ಚರ ನಿನ್ನದು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಿರಲು ಮಾತ್ರೆಯನ್ನು ದಿನಾ ಸಂಜೆ ಒಂದೇ ಹೊತ್ತಿಗೆ ನುಂಗಬೇಕು, ಆಗಾಗ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್ಆರ್ ಪರೀಕ್ಷೆ ಮಾಡಿಸಬೇಕು. ನಿನ್ನಂಥವರಿಗೆ ಅದು ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಪರೀಕ್ಷೆ ಬೇಡದ ಹೊಸ ಮಾತ್ರೆ ಬಂದಿದೆಯಂತೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಲೋಹದ ಕವಾಟ ಇರುವವರಲ್ಲಿ ಡಾಬಿಗಾಟ್ರಾನ್ ಎಂಬ ಅಂಥ ಒಂದು ಮಾತ್ರೆ ಪರೀಕ್ಷಿಸಿದಾಗ ಹೆಪ್ಪೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು. 2013ರಲ್ಲಿ ಫಲಿತಾಂಶ ಪ್ರಕಟವಾಗುವ ಮೊದಲೇ ಅಧ್ಯಯನ ನಿಲ್ಲಿಸಿದ್ದರು. 2022ರಲ್ಲಿ ದೆಹಲಿಯ ಏಮ್ಸ್‌ನ ಡಾ. ಗಣೇಶನ್ ಕಾರ್ತಿಕೇಯನ್ ಮುಂದಾಳತ್ವದಲ್ಲಿ 24 ದೇಶಗಳ ಸುಮಾರು 4,500 ರೋಗಿಗಳ ಅಧ್ಯಯನ ಬಂತು. ರುಮ್ಯಾಟಿಕ್ ಕಾಯಿಲೆಯಿಂದ ಹೃದಯದ ತಾಳ ತಪ್ಪಿದವರಿಗೂ ಹಳೆಯ ಅಗ್ಗದ ಮಾತ್ರೆಯೇ ಹೊಸ ರಿವರೊಕ್ಸಬಾನ್‌ಗಿಂತ ಹೆಚ್ಚು ಜೀವ ಉಳಿಸುತ್ತದೆ ಅಂತ ಅದರಲ್ಲಿ ಗೊತ್ತಾಯಿತು. ಸೊಪ್ಪು ಈ ಮಾತ್ರೆಯ ಪ್ರಭಾವವನ್ನು ತಗ್ಗಿಸುತ್ತದೆ. ಹಾಗಂತ ಸೊಪ್ಪು ಬಿಡಬೇಕಿಲ್ಲ, ಒಂದು ವಾರ ಬಸಳೆ ದಂಟು ರಾಶಿ, ಮರುವಾರ ಏನೂ ಇಲ್ಲ ಅನ್ನುವಂತಾಗಬಾರದು. ನಾಟಿ ಔಷಧಿ, ನೋವಿನ ಮಾತ್ರೆ, ಯಾವುದನ್ನೂ ಕೇಳದೆ ತೆಗೆದುಕೊಳ್ಳಬೇಡ. ಹಲ್ಲು ಕೀಳಿಸುವ ಮುಂಚೆ ಕವಾಟದ ವಿಷಯ ಹೇಳು. ಗಂಟಲು ಸೋಂಕು ಮತ್ತೆ ಬರದಂತೆ ತೆಗೆದುಕೊಳ್ಳುವ ಪೆನಿಸಿಲಿನ್ ಚುಚ್ಚುಮದ್ದನ್ನೂ ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡ. ಹೊಸ ಕವಾಟ ಬಂದರೂ ಉಳಿದ ಕವಾಟಗಳು ನಿನ್ನವೇ.

ಕೊನೆಗೆ ಮಗಳ ವಿಷಯ. ಈ ಕಾಯಿಲೆ ನಿನ್ನಿಂದ ಅವಳಿಗೆ ಬಂದುಬಿಡುತ್ತದೆ ಅಂತ ಕೊರಗಬೇಡ. ಆದರೆ ಗಂಟಲು ಸೋಂಕು ಒಂದೇ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಉಗಾಂಡದಲ್ಲಿ 5ರಿಂದ 17 ವರ್ಷದ 818 ಮಕ್ಕಳನ್ನು ಎರಡು ವರ್ಷ ನೋಡಿದ ಅಧ್ಯಯನ 2021ರ ಕೊನೆಯಲ್ಲಿ ಪ್ರಕಟವಾಯಿತು. ಯಾವ ತೊಂದರೆಯೂ ಹೊರಗೆ ಕಾಣದೆ, ಎಕೋದಲ್ಲಿ ಮಾತ್ರ ಕಾಯಿಲೆಯ ಸುಳಿವು ಕಂಡ ಮಕ್ಕಳು ಅವರು. ತಿಂಗಳಿಗೊಮ್ಮೆ ಪೆನಿಸಿಲಿನ್ ಪಡೆದವರಲ್ಲಿ ಕಾಯಿಲೆ ಮುಂದುವರಿದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಪಡೆಯದವರಲ್ಲಿ ನೂರಕ್ಕೆ ಎಂಟು. ಗಿಬ್ಬನ್ ಯಂತ್ರದಿಂದ ಹಿಡಿದು ನಾನು ಇಲ್ಲಿ ಬರೆದ ಎಲ್ಲ ಸಾಧನೆಗಳಿಗಿಂತ ಈ ಕೆಲವೇ ರೂಪಾಯಿಯ ಚುಚ್ಚುಮದ್ದನ್ನೇ ನಾನು ಮೇಲೆ ಇಡುತ್ತೇನೆ. ಎದೆ ತೆರೆಯುವ ಅಗತ್ಯವೇ ಬರದಂತೆ ನೋಡಿಕೊಳ್ಳುವ ಔಷಧಿ ಅದು. ಮಗಳಿಗೆ ಜ್ವರದ ಜೊತೆ ಗಂಟಲು ನೋವು ಬಂದರೆ ಬಿಸಿನೀರು, ಅರಿಶಿನದ ಹಾಲು ಕುಡಿಸಿ ಸುಮ್ಮನಾಗಬೇಡ. ಅದೇ ದಿನ ಡಾಕ್ಟರಿಗೆ ತೋರಿಸು, ಕೊಟ್ಟ ಮಾತ್ರೆಯನ್ನು ಕೊನೆಯವರೆಗೂ ಕೊಡು. ಕೀಲು ಊದಿದರಂತೂ ತಡ ಮಾಡಲೇಬೇಡ. ಈ ಸಲ ಬರುವಾಗ ಅವಳನ್ನೂ ಕರೆದುಕೊಂಡು ಬಾ, ಒಂದು ಎಕೋ ಮಾಡಿಸೋಣ. ನೋವಿಲ್ಲ, ಹತ್ತಿಪ್ಪತ್ತು ನಿಮಿಷದ ಕೆಲಸ.

ಬರುವಾಗ ಹಳೆಯ ಎಕೋ ವರದಿಗಳು, ಬಲೂನ್ ಮಾಡಿಸಿದಾಗಿನ ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಆಧಾರ್, ರೇಷನ್ ಕಾರ್ಡ್ ಎಲ್ಲ ಒಂದೇ ಕವರಿನಲ್ಲಿ ಇಟ್ಟುಕೋ. ಮುಂದೆ ಗುಂಡಿ ಇರುವ ರವಿಕೆ, ನೈಟಿ ತಾ. ಕೆಲವು ವಾರ ಕೈ ಮೇಲೆತ್ತಿ ಬಟ್ಟೆ ಹಾಕಿಕೊಳ್ಳುವುದು ಕಷ್ಟ. ನಿಮ್ಮನೆಯವರು ರಕ್ತ ಕೊಡಲು ನಾಲ್ಕು ಜನರನ್ನು ಒಪ್ಪಿಸಿದ್ದಾರಂತೆ, ಅವರ ಫೋನ್ ನಂಬರುಗಳನ್ನು ನನಗೆ ಕಳಿಸಲಿ. ಭಯವಾದರೆ ನಡುರಾತ್ರಿಯಾದರೂ ಫೋನ್ ಮಾಡು. ನಿನ್ನ ಪ್ರಶ್ನೆಗಳಿಗೆ ಉತ್ತರ ಹೇಳುವುದು ನನಗೆ ಯಾವತ್ತೂ ಭಾರವಲ್ಲ.

ಇಂತಿ ನಿನ್ನ ಪ್ರೀತಿಯ,
ಅಕ್ಕ